ಅಮಲ್ದಾರರ ಮನೆಯ ಗ್ಯಾಲಿಮಾಫ್ರಿ

ಅಡುಗೆಯ ಪುಟ್ಟಾಭಟ್ಟ ಒಗ್ಗರಣೆ ಹಾಕಿದರೆ ಮೂರು ಊರಿನವರು ಕೈ ತೊಳೆದುಕೊಂಡು ಎಲೆಯ ಮುಂದೆ ಕೂರುತ್ತಿದ್ದರು. ಹತ್ತು ಊರು ಅನ್ನಬಹುದಿತ್ತು, ಆದರೆ ಉತ್ಪ್ರೇಕ್ಷೆ ನನಗಾಗದು.

ಅವನು ಅಡುಗೆಗಿದ್ದದ್ದು ಅಮಲ್ದಾರರ ಮನೆಯಲ್ಲಿ. ಒಂದು ದಿನ ಅಮಲ್ದಾರರು ಅಡುಗೆಮನೆ ಬಾಗಿಲಲ್ಲಿ ನಿಂತು ಮೀಸೆ ತೀಡಿದರು. “ಮಧ್ಯಾಹ್ನ ಡಾಕ್ಟರು, ಹೆಡ್‌ಮಾಸ್ಟರು ಊಟಕ್ಕೆ ಬರ್ತಾರೆ. ಗ್ಯಾಲಿಮಾಫ್ರಿ ಆಗಬೇಕು. ಆಗದಿದ್ದರೆ ನಾಳೆಯಿಂದ ಬೇರೆ ಮನೆ ನೋಡ್ಕೋ.”

“ಹಾಗಂದ್ರೇನು ಸ್ವಾಮಿ?”

“ಅಡುಗೆಯವನು ನೀನೋ ನಾನೋ?”

ಭಟ್ಟನಿಗೆ ಅಷ್ಟು ಸಾಕಾಯಿತು. ಆ ಹೆಸರು ಯಜಮಾನರ ಬಾಯಿಗೆ ಬಂದಿದೆ, ತಲೆಗೆ ಬಂದಿಲ್ಲ.

ಮಧ್ಯಾಹ್ನ ಬಂದ ಅತಿಥಿಗಳಿಗೆ ಪಾನಕ ಕೊಡುತ್ತಾ ವಿನಯವಾಗಿ ಕೇಳಿದ, “ಗ್ಯಾಲಿಮಾಫ್ರಿ ತಮಗೆ ಹೇಗಿರಬೇಕು ಸ್ವಾಮಿ?”

ಡಾಕ್ಟರು ಗಂಟಲು ಸರಿಮಾಡಿಕೊಂಡರು. “ಅದು ಫ್ರೆಂಚರ ಮಾತು. ಚೂರುಪಾರು ಎಲ್ಲಾ ಹಾಕಿ ಕುದಿಸೋದು.”

“ಕುದಿಸೋದೇನು ಬಂತು?” ಅಂದರು ಹೆಡ್‌ಮಾಸ್ಟರು. “ಇಂಗ್ಲಿಷಿನಲ್ಲಿ ಯಾವ ಕಲಸುಮೇಲೋಗರಕ್ಕೂ ಹಾಗನ್ನಬಹುದು. ಅದರ ಮೂಲ ಯಾರಿಗೂ ಸರಿಯಾಗಿ ಗೊತ್ತಿಲ್ಲ.”

ಇಬ್ಬರ ಜಗಳ ಮುಗಿಯುವುದರೊಳಗೆ ಭಟ್ಟನ ಅಡುಗೆ ಮುಗಿದಿತ್ತು. ತುಪ್ಪದ ಘಮಕ್ಕೆ ಬೀದಿಯೇ ನಿಂತುಬಿಟ್ಟಿತು. ಅತಿಥಿಗಳು ಎರಡೆರಡು ಸಲ ಹಾಕಿಸಿಕೊಂಡು, “ನಾನು ಹೇಳಿದ ಹಾಗೇ ಇದೆ” ಅಂದರು, ಇಬ್ಬರೂ. ಅಮಲ್ದಾರರು, “ನಮ್ಮ ಮನೇಲಿ ಇದು ಮಾಮೂಲು” ಅಂದರು.

ಅತಿಥಿಗಳು ಹೋದ ಮೇಲೆ ಅಮಲ್ದಾರರು ಅಡುಗೆಮನೆಗೆ ಬಂದು ಪಿಸುಗುಟ್ಟಿದರು, “ಏನೇನು ಹಾಕಿದ್ಯೋ ಅದಕ್ಕೆ?”

“ಬೆಳಗ್ಗೆ ತಾವು ಬೇಡ ಅಂತ ತಳ್ಳಿದ ಉಪ್ಪಿಟ್ಟು, ಪಲ್ಯ, ಹುಳಿ. ಹೆಸರು ಮಾತ್ರ ತಮ್ಮದು ಸ್ವಾಮಿ.”

ಅಮಲ್ದಾರರು ಒಂದು ಗಳಿಗೆ ಮೀಸೆ ತಡವಿದರು. ಆಮೇಲೆ ಪಾತ್ರೆಯೊಳಗೆ ಇಣುಕಿ, “ತಳದಲ್ಲಿ ಇನ್ನೂ ಸ್ವಲ್ಪ ಇದೆಯಲ್ಲ, ಹಾಕು” ಅಂದರು.