ಒಂದೇ ದನಿಯ ಊರು

ಬಹಳ ಹಿಂದೆ ರಷ್ಯಾದ ಉತ್ತರದಲ್ಲಿ ನದಿದಂಡೆಯ ಮೇಲೆ ಒಂದು ಊರಿತ್ತು. ಅಲ್ಲಿ ಅರಸ ಹೆಸರಿಗಷ್ಟೇ ಅರಸ. ಊರವರೇ ಕರೆಸಿ ಕೂರಿಸುವರು, ಬೇಡವಾದರೆ ಗಂಟುಮೂಟೆ ಕಟ್ಟಿಸುವರು. ಎಂಥ ಗತ್ತು ನೋಡಿ!

ತೀರ್ಮಾನವೆಲ್ಲ ಊರಸಭೆಯದು. ಕೈ ಎತ್ತಿಸಿ ಎಣಿಸುವ ಪದ್ಧತಿ ಇರಲಿಲ್ಲ. ಎಲ್ಲರೂ ಒಂದೇ ದನಿಯಲ್ಲಿ ‘ಹೂಂ’ ಎನ್ನಬೇಕು. ಒಪ್ಪದವನನ್ನು ಒಪ್ಪುವವರೆಗೆ ಹೊಡೆಯುವರು. ಆಗಲೂ ಒಪ್ಪದಿದ್ದರೆ ಸೇತುವೆಯಿಂದ ನದಿಗೆ ನೂಕುವರು.

ಊರಾಚೆಯ ಮಠದಲ್ಲಿ ಪಾಖೋಮಿ ಎಂಬ ವಯಸ್ಸಾದ ಗುರುಗಳಿದ್ದರು. ಒಂದು ಬೆಳಿಗ್ಗೆ ಅವರ ಶಿಷ್ಯ ತೀಖೊನ್ ಏದುಸಿರು ಬಿಡುತ್ತ ಓಡಿಬಂದ.

“ಗುರುಗಳೇ, ಬೇಗ ಬನ್ನಿ! ನಮ್ಮಣ್ಣನನ್ನು ಸೇತುವೆಗೆ ಎಳೆದುಕೊಂಡು ಹೋದರು.”

“ಯೆರೆಮೈಯನ್ನೇ? ಅವನೇನು ಮಾಡಿದ?”

“ಅರಸನನ್ನು ಓಡಿಸಬೇಕೆಂದು ಸಭೆ ಕೂಗಿತು. ಇವನೊಬ್ಬ ಬೇಡವೆಂದ. ಗಡಿಯಲ್ಲಿ ಶತ್ರುಗಳಿದ್ದಾರೆ, ಈ ಚಳಿಗಾಲ ಕಳೆಯಲಿ ಎಂದ. ನೀವು ಬಂದು ಅವನ ಬಾಯಲ್ಲಿ ಹೂಂ ಅನ್ನಿಸಿ. ನಿಮ್ಮ ಮಾತು ತೆಗೆದುಹಾಕುವವನಲ್ಲ.”

“ಅವನು ಹೇಳಿದ್ದು ಸುಳ್ಳೇ?”

“ನಿಜವೇ. ಆದರೆ ಜೀವ ಉಳಿಯಬೇಕಲ್ಲ!”

“ನೀನೂ ಸಭೆಯಲ್ಲಿದ್ದೆಯಲ್ಲ, ಏನೆಂದೆ?”

ತೀಖೊನ್ ತಲೆ ತಗ್ಗಿಸಿದ. “ಹೂಂ ಎಂದೆ. ಹೆದರಿಕೆಯಾಯಿತು.”

ಗುರುಗಳು ಕೋಲು ಹಿಡಿದು ಹೊರಟರು. ಮೊಣಕಾಲು ಮುಳುಗುವಷ್ಟು ಹಿಮ. ದಾರಿಯಲ್ಲಿ ಎರಡು ಸಲ ಬಿದ್ದರು.

ಸೇತುವೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಳಗೆ ಒಡೆದ ಮಂಜುಗಡ್ಡೆ, ಅದರ ನಡುವೆ ಕಪ್ಪು ನೀರು. ಯೆರೆಮೈ ಕೊನೆಯವರೆಗೂ ಹೂಂ ಎನ್ನಲಿಲ್ಲವಂತೆ.

“ಅಯ್ಯೋ, ಅಣ್ಣಾ!” ತೀಖೊನ್ ಕುಸಿದು ಕೂತು ಗೋಳೋ ಎಂದು ಅತ್ತ.

ಜನಕ್ಕೆ ಅದರ ಪರಿವೆಯೇ ಇಲ್ಲ. ಊರ ಹಿರಿಯ ಆಗಲೇ ಮುಂದಿನ ಮಾತು ಎತ್ತಿದ್ದ.

“ಅವನ ಮನೆ ಲೂಟಿಯಾಗಲಿ. ಹೆಂಡತಿ ಮಕ್ಕಳು ಇವತ್ತೇ ಊರು ಬಿಡಲಿ. ಒಪ್ಪಿಗೆಯೇ?”

“ಹೂಂ!” ಎಂದಿತು ಊರು.

“ಒಪ್ಪದವರು ಯಾರಾದರೂ ಇದ್ದಾರೆಯೇ?”

ತೀಖೊನ್ ಗುರುಗಳ ನಿಲುವಂಗಿ ಹಿಡಿದುಕೊಂಡ. “ಈ ಹಿಮದಲ್ಲಿ ಅತ್ತಿಗೆ, ಮಕ್ಕಳು ಸತ್ತೇಹೋಗುತ್ತಾರೆ. ನಾನೇನು ಮಾಡಲಿ, ಗುರುಗಳೇ?”

ಗುರುಗಳು ಅವನ ಕೈ ಬಿಡಿಸಿಕೊಂಡರು. ಜನರ ನಡುವೆ ದಾರಿ ಮಾಡಿಕೊಂಡು, ಯೆರೆಮೈಯನ್ನು ನೂಕಿದ ಸೇತುವೆಯಂಚಿಗೆ ಹೋಗಿ ನಿಂತರು.

“ನಾನು ಒಪ್ಪುವುದಿಲ್ಲ.”

ಕೂಡಲೇ ಇಬ್ಬರು ತೋಳೇರಿಸಿಕೊಂಡು ಅವರತ್ತ ನಡೆದರು.

ಗುರುಗಳು ಅವರನ್ನು ನೋಡಲಿಲ್ಲ. ಶಿಷ್ಯನನ್ನೇ ನೋಡುತ್ತ ಹೇಳಿದರು:

“ಇಲ್ಲಿ ಇನ್ನೊಬ್ಬನಿಗೆ ಜಾಗವಿದೆ, ಮಗೂ.”