ಎಲುಬು ಕಡಿಯುವ ಹಸು

"ಅರಮನೆಯ ದನಗಳಿಗೆ ಬಂದ ಕೇಡಿನ ಬಗ್ಗೆ ದೊರೆಗಳು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವರಿಗೆ ತಲೆದಂಡ!" ಎಂದು ಹೊನ್ನೆಗಡದ ಬೀದಿಬೀದಿಯಲ್ಲೂ ಡಂಗುರ ಹೊಡೆದರು.

ಎರಡು ವರ್ಷದಲ್ಲಿ ನಲವತ್ತು ಹಸು ಸತ್ತಿದ್ದವು. ಯಾರೋ ವಿಷ ಹಾಕುತ್ತಿದ್ದಾರೆಂದು ದೊರೆ ವೀರಮಾರನಿಗೆ ಅನುಮಾನ. ತನ್ನ ತಟ್ಟೆಯ ಅನ್ನವನ್ನೂ ಅಡುಗೆಯವನಿಗೆ ತಿನ್ನಿಸಿಯೇ ತಾನು ಉಣ್ಣುತ್ತಿದ್ದ.

ಮೊದಲು ಬಂದ ಜೋಯಿಸರು ದೆವ್ವದ ಕಾಟವೆಂದರು. ಶಾಂತಿ ಮಾಡಿಸಿದರೂ ದೆವ್ವ ಬಿಡಲಿಲ್ಲ. ದಳವಾಯಿ ನೆರೆರಾಜ್ಯದ ಸಂಚೆಂದ. ಸಂಚುಗಾರ ಸಿಗಲಿಲ್ಲ. ಇಬ್ಬರೂ ತಲೆದಂಡದ ದಿನ ಕಾಯುತ್ತ ಸೆರೆ ಸೇರಿದರು.

ಮೂರನೆಯವನು ಚೌಡ, ಸತ್ತ ದನದ ತೊಗಲು ಸುಲಿಯುವ ಯುವಕ. ದೊರೆ ಅವನನ್ನು ದುರುಗುಟ್ಟಿ ನೋಡಿದ. ದನ ಸತ್ತರೆ ಲಾಭ ಇವನಿಗೇ ಅಲ್ಲವೆ?

"ಹೊಟ್ಟೆ ತುಂಬ ಹುಲ್ಲು ಮೇದ ಹಸು ಸತ್ತ ದನದ ಎಲುಬು ಕಡಿಯುತ್ತದೆ. ಅದು ಯಾವ ಹಸಿವೋ?" ಎಂದು ದೊರೆ ಮೊದಲ ಒಗಟು ಕೇಳಿದ.

"ಹೊಟ್ಟೆಯದಲ್ಲ ಬುದ್ದೀ, ಎಲುಬಿನ ಹಸಿವು. ದನ ಮೇಯುವ ನಮ್ಮ ಕಾವಲಿನ ಮಣ್ಣಲ್ಲಿ ಎಲುಬಿಗೆ ಬೇಕಾದ ಸಾರವಿಲ್ಲ. ಮಣ್ಣಲ್ಲಿಲ್ಲದ್ದು ಹುಲ್ಲಿಗೆಲ್ಲಿಂದ ಬಂದೀತು?"

"ಪೆಟ್ಟಿಲ್ಲ, ಗಾಯವಿಲ್ಲ, ಆದರೂ ಕುಂಟುತ್ತದೆ. ಹೊಡೆದವರು ಯಾರು?"

"ಯಾರೂ ಇಲ್ಲ. ಒಳಗೆ ಎಲುಬೇ ಸವೆದಿದೆ. ಸತ್ತ ಹಸುಗಳ ಪಕ್ಕೆಲುಬು ನನ್ನ ಕೈಯಲ್ಲಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಪಾಪ, ಆಸೆಗೆ ಕೊಳೆತ ಎಲುಬು ಕಡಿದವು, ಅದರ ನಂಜಿಗೆ ಸತ್ತವು."

ದೊರೆಯ ದನಿ ಗಡುಸಾಯಿತು. "ಹಾಗಾದರೆ ನನ್ನ ಕೊಟ್ಟಿಗೆಯ ಕಳ್ಳ ಯಾರು?"

ಚೌಡ ಕೈಮುಗಿದ. "ತಾವೇ, ಬುದ್ದೀ. ಹಾಲಿನ ಜೊತೆ ಎಲುಬಿನ ಸಾರವೂ ಹೋಗುತ್ತದೆ. ತೌಡು ತಿಂದರೆ ಹಸು ಅದನ್ನು ತುಂಬಿಕೊಳ್ಳುತ್ತದೆ. ತೌಡೆಲ್ಲ ತಮ್ಮ ಕುದುರೆ ಲಾಯಕ್ಕೆ ಹೋಗುತ್ತಿದೆ."

ದೊರೆಯ ಕೈ ಕತ್ತಿಯ ಹಿಡಿಗೆ ಹೋಗಿ ಅಲ್ಲೇ ನಿಂತಿತು. "ರುಜುವಾತು ಮಾಡು. ಮೂರು ತಿಂಗಳು ಕೊಟ್ಟಿದ್ದೇನೆ."

ಚೌಡ ಎಲುಬನ್ನು ನಂಜು ಹೋಗಿ ಬೆಳ್ಳಗಾಗುವವರೆಗೆ ಸುಟ್ಟು, ಪುಡಿಮಾಡಿ, ತೌಡು ಉಪ್ಪಿನ ಜೊತೆ ಕಲಸಿದ. "ಮೊದಲು ನೀನು ತಿನ್ನು" ಎಂದ ದೊರೆ. ಚೌಡ ಒಂದು ಹಿಡಿ ತಿಂದ. ಆದರೂ ಅವನ ಬೆನ್ನಿಗೆ ಹಗಲೂ ರಾತ್ರಿ ಇಬ್ಬರು ಭಟರು.

ಮೂರು ತಿಂಗಳಲ್ಲಿ ಹಸುಗಳು ಎಲುಬು ಮೂಸುವುದನ್ನೇ ಬಿಟ್ಟವು. ಎದ್ದು ನಿಲ್ಲಲಾರದೆ ಬಿದ್ದಿದ್ದ ಕಪಿಲೆ ಹಸು ತಾನಾಗಿ ನಡೆದು ಮೇವಿಗೆ ಹೊರಟಿತು. ಅದನ್ನು ನೋಡಿದ ದೊರೆ ಚೌಡನನ್ನು ಹತ್ತಿರ ಕರೆದ.

"ಏನು ಬೇಕು, ಕೇಳು."

"ಸೆರೆಯಲ್ಲಿರುವ ಇಬ್ಬರನ್ನೂ ಬಿಡಿಸಿ, ಬುದ್ದೀ. ಅವರೂ ಗೊತ್ತಿಲ್ಲದೆ ಹೇಳಿದ್ದು."

ದೊರೆ ಅವರನ್ನು ಬಿಡಿಸಿದ. ಚೌಡನನ್ನು ಅರಮನೆಯ ದನಗಳಿಗೆಲ್ಲ ಒಡೆಯನನ್ನಾಗಿ ಮಾಡಿದ. ಆಮೇಲೆ ಅವನ ಹಿಂದೆ ನಿಂತಿದ್ದ ಭಟರ ಕಡೆ ತಿರುಗಿ, "ಮನೆಗೆ ಹೋಗ್ರಪ್ಪ, ಇನ್ನು ಇವನನ್ನು ಕಾಯಬೇಕಿಲ್ಲ" ಎಂದ.