ಅಪ್ಪನ ಕೈಗೆ ಕೊಟ್ಟ ಇಪ್ಪತ್ನಾಲ್ಕು ಪದ

ಹೂಂ ಅನ್ನುವವರು ಹೂಂ ಅನ್ನಿ, ಹಿಂದಕ್ಕೆ ಮಾತ್ರ ತಿರುಗಿ ನೋಡಬೇಡಿ. ಒಬ್ಬಳು ತಾಯಿ, ಅವಳಿಗೊಬ್ಬ ಪೆದ್ದ ಮಗ. ತಾಯಿ ಚಿಕ್ಕತಾಯಮ್ಮ, ಮಗ ಬಿಳಿಗಿರಿ. ಮೂವತ್ತು ವರ್ಷದ ಆಳು, ಬಾಗಿಲುದ್ದ ಬೆಳೆದಿದ್ದ, ಬುದ್ಧಿ ಮಾತ್ರ ಹೊಸಿಲು ದಾಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಕರ್ಮ.

ಗಂಡ ಜವರಯ್ಯ ಪರದೇಶದಲ್ಲಿ ಲಾರಿ ಓಡಿಸಿ, ದುಡಿದದ್ದನ್ನೆಲ್ಲ ಬಿಟ್‌ಕಾಯಿನ್ ಮಾಡಿ ಫೋನಿನಲ್ಲಿಟ್ಟು ಕಣ್ಣು ಮುಚ್ಚಿದ್ದ. ಊರಾಚೆಯ ಹುಣಸೆಮರದ ಕೆಳಗೆ ಅವನನ್ನು ಮಣ್ಣು ಮಾಡಿ ವರ್ಷವಾಗಿತ್ತು. ಈಗ ಚಿಕ್ಕತಾಯಮ್ಮನ ಎದೆಯ ಕವಾಟ ಕೆಟ್ಟಿತ್ತು. ದೀಪಾವಳಿ ಕಳೆದ ಕೂಡಲೇ ಆಪರೇಷನ್ ಆಗಲೇಬೇಕು, ಇಲ್ಲವೆಂದರೆ ಉಳಿಯುವುದಿಲ್ಲ ಅಂದಿದ್ದರು ಮೈಸೂರಿನ ಡಾಕ್ಟರು. ಅದಕ್ಕೆ ಇದ್ದದ್ದು ಆ ಬಿಟ್‌ಕಾಯಿನ್ ಒಂದೇ.

ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಅವಳ ಅಣ್ಣನ ಮಗ ನಂಜುಂಡಿ ಹೇಳಿದ. "ಫೋನಲ್ಲಿದ್ರೆ ಕಳ್ಳರು ಕೂತ ಜಾಗದಿಂದಲೇ ಹೊಡೀತಾರೆ ಅತ್ತೆ. ಹಾರ್ಡ್‌ವೇರ್ ವಾಲೆಟ್ ಅಂತ ಬೆರಳುದ್ದದ ಡಬ್ಬಿ ಬರ್ತದೆ, ದುಡ್ಡು ಅದರೊಳಗೆ ಭದ್ರ, ತರಿಸ್ತೀನಿ. ಬಿಳಿಗಿರಿ, ಸೀಲು ಒಡೆದಿರೋ ಡಬ್ಬಿ ಮನೇಲಿ ಇಟ್ಕೋಬೇಡ. ಎಸೆದ್ಬಿಡು!"

ಡಬ್ಬಿ ಬಂತು. ಬಿಳಿಗಿರಿ ಸೀಲು ಒಡೆದ. ನೋಡಿದ. ಸೀಲು ಒಡೆದಿತ್ತು! ಓಡಿಹೋಗಿ ಹಾಳುಬಾವಿಗೆ ಎಸೆದು ಬಂದ.

"ಯಾರೋ ಒಡೆದೋರು?"

"ನಾನೇ ಕಣವ್ವ!"

ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. ಬಿಳಿಗಿರಿ ತಲೆ ಕೆರೆದುಕೊಂಡು, "ಅವ್ವ, ಬಾವೀಲಿ ಸದ್ದೇ ಬರ್ಲಿಲ್ಲ. ಕೆಳಗೆ ಯಾರೋ ಹಿಡ್ಕೊಂಡಂಗಾಯ್ತು" ಅಂದ. 

ನಂಜುಂಡಿ ಬೈದು ಇನ್ನೊಂದು ತರಿಸಿದ. "ಸೀಲು ನೀನೇ ಒಡೀಬೇಕು! ಪಿನ್ ಹಾಕಿದ್ಮೇಲೆ ಇಪ್ಪತ್ನಾಲ್ಕು ಇಂಗ್ಲಿಷ್ ಪದ ತೋರಿಸ್ತದೆ. ಡಬ್ಬಿ ಹೋದ್ರೂ ಆ ಪದ ಇದ್ರೆ ದುಡ್ಡು ನಮ್ದು. ಫೋಟೊ ಹೊಡೀಬೇಡ, ಕಾಗದದಲ್ಲಿ ಬರಿ. ನಾಳೆ ಮಾತು ಬರಬಾರ್ದು, ನಾನೂ ನೋಡಲ್ಲ. ಜೀವ ಇರೋ ಯಾವ ಪ್ರಾಣಿ ಕಣ್ಣಿಗೂ ಬೀಳಬಾರ್ದು!"

ಬಿಳಿಗಿರಿ ಕೋಳಿ ಓಡಿಸಿದ. ಹಸು ಹೊರಗೆ ಕಟ್ಟಿದ. ಹಲ್ಲಿ ಅಟ್ಟಿದ. ಅವ್ವನನ್ನೂ ಆಚೆ ನೂಕಿ ಅಗಳಿ ಹಾಕಿದ. ಆಮೇಲೆ ಹೊಳೆಯಿತು, ಜೀವ ತನಗೂ ಇದೆಯಲ್ಲ! ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಬರೆದ. ಕಾಗದದ ತುಂಬ ಗೀಚು.

"ನೀನು ನೋಡ್ಬೇಕು ಕಣೋ ಮುಂಡೇದೇ!" ನಂಜುಂಡಿ ಕೂಗಾಡಿದ. "ಡಬ್ಬಿ ಅಳಿಸಿ ಹೊಸದಾಗಿ ಬರಿ. ಬರೆದ ಪದ ಹಾಕಿ ತೆಗೆದು ನೋಡು. ಡಬ್ಬಿ ತೆರ್ಕೊಂಡ್ರೆ ಮಾತ್ರ ದುಡ್ಡು ಅದಕ್ಕೆ ಕಳಿಸೋಣ. ಕಾಗದಾನ ಬದುಕಿರೋರು ಯಾರೂ ಕೈ ಹಾಕದ ಜಾಗದಲ್ಲಿಡು!"

ಈ ಸಲ ಎಲ್ಲ ಸರಿಯಾಯಿತು. ಪದ ಹಾಕಿದ, ಡಬ್ಬಿ ತೆರೆಯಿತು, ಬಿಟ್‌ಕಾಯಿನ್ ಬಂದು ಸೇರಿತು. ಚಿಕ್ಕತಾಯಮ್ಮ ಮಗನ ತಲೆ ಸವರಿದಳು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಕ್ಕಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಜಗಲಿಯಲ್ಲಿ ಸದ್ದಿಲ್ಲದೆ ಕೂರುವ ಪದ್ಧತಿ. ಹಿರಿಯರು ಉಣ್ಣುವಾಗ ಯಾರೂ ಇಣುಕಬಾರದು. ಮಟಮಟ ಮಧ್ಯಾಹ್ನ. ಒಳಗೆ ಎಲೆ ಸರಿದ ಸದ್ದಾಯಿತು. ಆಮೇಲೆ ಒಂದು ಕೆಮ್ಮು. ಬೀಡಿ ಸೇದಿ ಸೇದಿ ಒಣಗಿದ ಗಂಟಲಿನ ಕೆಮ್ಮು ಅದು, ಚಿಕ್ಕತಾಯಮ್ಮನಿಗೆ ಚೆನ್ನಾಗಿ ಗೊತ್ತು.

ಬಾಗಿಲು ತಟ್ಟಿ ತೆರೆದರು. ಕಜ್ಜಾಯ ಅರ್ಧ ಮುರಿದಿತ್ತು. ಬಿಳಿಗಿರಿ ಎಲೆಯ ಪಕ್ಕ ತಡಕಿ ಚಪ್ಪಾಳೆ ತಟ್ಟಿದ. "ಕಾಗದ ತಗೊಂಡವ್ನೆ!"

"ಯಾರೋ?"

"ಅಪ್ಪ! ಬದುಕಿರೋರು ಕೈ ಹಾಕದ ಜಾಗ ಎಡೇನೇ ಅಲ್ವಾ? ಅಲ್ಲೇ ಇಟ್ಟಿದ್ದೆ!"

ನಂಜುಂಡಿ ಓಡಿ ಬಂದ. "ಪದ ಇನ್ನೊಬ್ಬರ ಕೈ ಸೇರ್ತು! ಸಂಜೆಯೊಳಗೆ ದುಡ್ಡು ಬೇರೆ ಕಡೆ ಹಾಕ್ಬೇಕು. ಪಿನ್ ಹುಷಾರಾಗಿ ಹೊಡಿ. ಮೂರು ಸಲ ತಪ್ಪಾದ್ರೆ ಎಲ್ಲ ಅಳಿಸಿಹೋಗ್ತದೆ, ಕಳ್ಳನ ಕೈಗೂ ಏನೂ ಸಿಗಲ್ಲ!"

ಕಳ್ಳನಿಗೆ ಸಿಗಬಾರದಲ್ಲವೆ? ಬಿಳಿಗಿರಿ ಹುಷಾರಾಗಿ ಮೂರು ಸಲ ತಪ್ಪು ಹೊಡೆದ. ಡಬ್ಬಿ ಖಾಲಿ.

ನಂಜುಂಡಿ ತಲೆ ಮೇಲೆ ಕೈಹೊತ್ತು ಕೂತ. "ಇನ್ನು ಆ ಪದ ಹಾಕಿದ್ರೇನೇ ದುಡ್ಡು! ನಿಮ್ಮಪ್ಪನ್ನೇ ಕೇಳ್ಕೊಂಡು ಬಾ, ಹೋಗು!" ಅಂದು ಎದ್ದು ಅಂಗಡಿಗೆ ಹೋದ. ಬಿಳಿಗಿರಿ ಹುಣಸೆಮರದ ಕಡೆ ಹೋದ.

ಬಿಸಿಲು ಇಳಿಯುವ ಮುಂಚೆ ಬೀದಿಯ ತಿರುವಿನಲ್ಲಿ ದನಿ ಕೇಳಿಸಿತು. ಒಂದೊಂದೇ ಇಂಗ್ಲಿಷ್ ಪದ, ನಡುನಡುವೆ ಆ ಒಣಕೆಮ್ಮು. ಬಂದವನು ಬಿಳಿಗಿರಿ, ದನಿ ಜವರಯ್ಯನದು. ಮಗನ ಉಗುರೊಳಗೆಲ್ಲ ಮಣ್ಣು. ಚಿಕ್ಕತಾಯಮ್ಮನಿಗೆ ಭಯಕ್ಕಿಂತ ಕೋಪ ಮೊದಲು ಬಂತು.

"ಬೀದೀಲಿ ಕೂಗ್ತಾ ಬಂದ್ಯೇನೋ! ಉಸಿರಾಡೋ ಒಬ್ಬರ ಕಿವಿಗೂ ಹಾಕ್ಬೇಡ! ಈಗಿನ ಕಳ್ಳರು ಅವ್ವನ ದನೀಲೇ ಕೇಳ್ತಾರಂತೆ. ನಾನೇ ಅತ್ತು ಕೇಳಿದ್ರೂ ಹೇಳ್ಬೇಡ! ಆ ಡಬ್ಬೀನೂ ಇನ್ನು ಮುಟ್ಬೇಡ!"

ಬಿಳಿಗಿರಿ ಬಾಯಿ ಮುಚ್ಚಿದ.

ಮಾರನೆ ದಿನ ನಂಜುಂಡಿ ಡಬ್ಬಿ ಹಿಡಿದು ಕೂತ. "ಹೇಳೋ, ನಾನೇ ಒತ್ತೀನಿ." ಬಿಳಿಗಿರಿ ಅವನ ಮೂಗಿನ ಕೆಳಗೆ ಅಂಗೈ ಹಿಡಿದು ನೋಡಿದ. ಉಸಿರು ಬೆಚ್ಚಗಿತ್ತು. ಆಗಲ್ಲ ಅಂತ ತಲೆಯಾಡಿಸಿದ. ಚಿಕ್ಕತಾಯಮ್ಮ ಬೇಡಿದಳು, ಬೈದಳು. ಅಂದ ಮಾತು ಹಿಂದಕ್ಕೆ ತಗೊಂಡೆ ಕಣೋ ಅಂತ ಅತ್ತಳು. ಅತ್ತದ್ದನ್ನು ನೋಡಿ ಅವನು ಇನ್ನೂ ಬಿಗಿಯಾಗಿ ಬಾಯಿ ಮುಚ್ಚಿದ.

ದೀಪಾವಳಿ ಬಂತು, ಹೋಯಿತು. ಚಿಕ್ಕತಾಯಮ್ಮ ಚಾಪೆ ಹಿಡಿದಳು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಬಿಡುವು ಹೆಚ್ಚುತ್ತಿತ್ತು. ಮಗ ಪಕ್ಕದಿಂದ ಏಳಲಿಲ್ಲ. ತುಟಿಯಲ್ಲೇ ಪದ ಎಣಿಸುತ್ತಿದ್ದ, ಗಳಿಗೆಗೊಮ್ಮೆ ಅವಳ ಮೂಗಿನ ಕೆಳಗೆ ಅಂಗೈ ಹಿಡಿಯುತ್ತಿದ್ದ. ಅವನಿಗೂ ಕಣ್ಣಲ್ಲಿ ನೀರು.

"ಹೆದರ್ಬೇಡ ಕಣವ್ವ, ಒಂದೂ ಮರ್ತಿಲ್ಲ" ಅಂದ ಬಿಳಿಗಿರಿ. "ನಿನ್ನ ಉಸಿರು ನಿಂತ ತಕ್ಷಣ ಇಪ್ಪತ್ನಾಲ್ಕನ್ನೂ ಹೇಳ್ಬಿಡ್ತೀನಿ. ಎದ್ದು ಆಪರೇಷನ್ ಮಾಡಿಸ್ಕೊಂಡ್ಬಿಡು!"